ಪೆಟ್ಟಿಗೆಯೊಳಗೆ ಇಲ್ಲದ ಗಂಟೆ

ಕಾರಣ ಸಿಗದ ಅನುಭವಗಳ ಇಂಥ ಬರಹಗಳನ್ನು ಓದುವಾಗ ನಾನು ಮೊದಲು ಹುಡುಕುತ್ತಿದ್ದದ್ದು, ಬರೆದವರು ಆ ದಿನ ಸರಿಯಾಗಿ ಉಂಡಿದ್ದರೋ, ನಿದ್ದೆ ಮಾಡಿದ್ದರೋ ಎಂಬುದನ್ನು. ಜ್ವರವಿತ್ತೇ? ಕತ್ತಲಿತ್ತೇ? ಒಬ್ಬರೇ ಇದ್ದರೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಸಿಕ್ಕರೂ ಸಾಕು, ಪುಟ ಮಗುಚಿ ಮುಂದೆ ಹೋಗುತ್ತಿದ್ದೆ. ನಾನು ಭೌತಶಾಸ್ತ್ರ ಓದಿದವಳು, ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ಆದರೆ ನನಗೆ ಆದದ್ದು ಮಟಮಟ ಮಧ್ಯಾಹ್ನ, ಹೊಟ್ಟೆ ತುಂಬ ಉಂಡ ಮೇಲೆ, ಮೈಯಲ್ಲಿ ಯಾವ ಬೇನೆಯೂ ಇಲ್ಲದಾಗ. ಹಾಗಾಗಿ ಉಳಿದವರನ್ನು ತಳ್ಳಿಹಾಕಿದಷ್ಟು ಸುಲಭವಾಗಿ ನನ್ನನ್ನು ನಾನು ತಳ್ಳಿಹಾಕಲು ಆಗಿಲ್ಲ. ನಾಲ್ಕು ವರ್ಷವಾಯಿತು. ಈಗಲೂ ಬಸ್ಸಿನಲ್ಲಿ ಕುಳಿತಾಗ, ಪಾಠದ ನಡುವೆ ಕಪ್ಪುಹಲಗೆ ಒರೆಸುವಾಗ, ಆ ಹತ್ತು ನಿಮಿಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನಮ್ಮ ಮನೆ ನೇಸರಗಿಯಲ್ಲಿ. ನನ್ನ ಗಂಡ ಮಹಾಂತೇಶ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ. ಸುಟ್ಟ ಪಂಪ್‌ಸೆಟ್ಟಿನ ಹಳೆಯ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಆದ್ದರಿಂದ ಬಿಡುವಾದ ರೈತರೆಲ್ಲ ಅಂದೇ ಮೋಟಾರು ಹೊತ್ತುಕೊಂಡು ಬರುತ್ತಾರೆ. ಸೋಮವಾರ ನನ್ನ ಗಂಡನಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಮಂಗಳವಾರ ರಜೆ.

ಅಂಥ ಒಂದು ಮಂಗಳವಾರವೇ ನವಿಲುತೀರ್ಥದ ಕಡೆ ಯಾರದೋ ಪಂಪು ನೋಡಲು ಹೋದವರು, ಸಂಜೆ ಟೆಂಪೊದಲ್ಲಿ ಒಂದು ದೊಡ್ಡ ಪೆಟ್ಟಿಗೆ ಹೇರಿಸಿಕೊಂಡು ಬಂದರು. ನಾಲ್ಕು ಕಾಲಿನ, ಇಳಿಜಾರು ಮೇಜಿನಂಥದ್ದು. ಮೇಲೆ ಗಾಜು, ಅಂಚಿಗೆ ಎರಡೂ ಬದಿಗೆ ಉದ್ದನೆಯ ಉಕ್ಕಿನ ಪಟ್ಟಿ, ತಲೆಯ ಕಡೆ ಹಡಗಿನ ಚಿತ್ರವಿದ್ದ ಇನ್ನೊಂದು ಗಾಜು. ಪಿನ್‌ಬಾಲ್ ಯಂತ್ರ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಅಲ್ಲಿ ಇಲ್ಲಿ ಬಡಿದು ದೀಪ ಹೊತ್ತಿಸುತ್ತ, ಗಂಟೆ ಹೊಡೆಸುತ್ತ, ಅಂಕಿ ತಿರುಗಿಸುತ್ತ ಕೆಳಗಿಳಿಯುವ ಆಟ. ಅಣೆಕಟ್ಟು ಕಟ್ಟುವ ಕಾಲಕ್ಕೆ ಅಲ್ಲಿಯ ಕಾಲೊನಿಯ ಕ್ಲಬ್ಬಿಗೆ ಯಾರೋ ಗೋವಾದಿಂದ ತರಿಸಿದ್ದಂತೆ. ಕ್ಲಬ್ಬು ಮುಚ್ಚಿದ ಮೇಲೆ ಕೈಯಿಂದ ಕೈಗೆ ದಾಟಿ, ಮುನವಳ್ಳಿಯ ಗುಜರಿಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿತ್ತು.

ಪಡಸಾಲೆಯ ಅರ್ಧ ಅದೇ ತುಂಬಿತು. ನೋಡಲು ಬಂದ ಹಿಂದಿನ ಮನೆಯ ಗಂಗಪ್ಪ ಕಾಕಾ ಗಾಜಿನೊಳಗೆ ಇಣುಕಿ, "ಮಹಾಂತೇಶ, ಬುಂದೆ ಲಾಡು ಇಡಾಕ ಚಲೋ ಐತಿ ನೋಡೋ. ಮೋಟಾರ ಬಿಟ್ಟು ಮಿಠಾಯಿ ಅಂಗಡಿ ಹಾಕತಿ ಏನು?" ಅಂದರು. ನಾನೂ ನಕ್ಕೆ. ನನ್ನ ಗಂಡ ಮಾತ್ರ ಅದರ ಹೊಟ್ಟೆ ತೆರೆದು ಬೆರಗಾಗಿ ನಿಂತಿದ್ದರು. ಒಳಗೆ ಎಲ್ಲಿ ನೋಡಿದರಲ್ಲಿ ತಂತಿ ಸುತ್ತಿದ ಕಾಯಿಲ್. ಬೆರಳುದ್ದದ ಕಾಯಿಲ್, ಮುಷ್ಟಿಯಷ್ಟು ದಪ್ಪ ಕಾಯಿಲ್, ಬಟ್ಟೆ ಸುತ್ತಿದ ತಂತಿಗಳ ಕಂತೆ. ಒಂದೇ ಒಂದು ಸರ್ಕೀಟ್ ಬೋರ್ಡ್ ಇಲ್ಲ. "ಎಲ್ಲಾ ಸುತ್ತಿದ್ದ ಐತ್ಯಲೇ ಇದು," ಅಂದರು. "ಯಾರೋ ನನ್ನಂಥಾವನ ಕುಂತು ಸುತ್ತ್ಯಾನ."

ಆ ಚಳಿಗಾಲವೆಲ್ಲ ಅದರ ಹಿಂದೆಯೇ. ಗಟ್ಟಿಯಾಗಿ ಒಡೆದುಹೋಗಿದ್ದ ರಬ್ಬರ್ ಬಳೆಗಳ ಬದಲು ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರು. ಕಳೆದುಹೋಗಿದ್ದ ಗುಂಡಿಗೆ ಟ್ರ್ಯಾಕ್ಟರಿನ ಬೇರಿಂಗ್ ಒಡೆದರು. ಸುಟ್ಟ ಕಾಯಿಲ್‌ಗಳನ್ನು ಒಂದೊಂದಾಗಿ ಅಂಗಡಿಗೆ ಒಯ್ದು ಸುತ್ತಿ ತಂದರು. ಯಂತ್ರ ನೂರಾಹತ್ತು ವೋಲ್ಟಿನದು, ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರನ್ನೂ ತಾವೇ ಮಾಡಿದರು.

ನಾನು ಒಂದೇ ಒಂದು ವಿಷಯಕ್ಕೆ ಹಟ ಹಿಡಿದೆ. ಅದರ ಹಳೆಯ ವಾಯರಿಗೆ ಎರಡೇ ಪಿನ್ನು, ಅರ್ಥಿಂಗ್ ಇರಲಿಲ್ಲ. ಅಷ್ಟು ಉದ್ದದ ಉಕ್ಕಿನ ಪಟ್ಟಿ ಹೊರಗಿದೆ, ಒಳಗೆಲ್ಲೋ ಒಂದು ತಂತಿ ತಾಗಿದರೆ ಗತಿಯೇನು? "ಮೊದಲ ಅರ್ಥ್ ಕೊಡ್ರಿ, ಆಮ್ಯಾಲೆ ಆಟ," ಅಂದೆ. "ಆತು ಮೇಡಮ್ಮಾರ," ಎಂದು ನಗುತ್ತ, ಪಟ್ಟಿಗೆ ಒಂದು ಹಸಿರು ತಂತಿ ಬೋಲ್ಟು ಮಾಡಿ, ಕಿಟಕಿಯಿಂದ ಹೊರಗೆ ಒಯ್ದು, ಹಿತ್ತಲಿನ ಬೋರವೆಲ್ಲಿನ ಕಬ್ಬಿಣದ ಕೊಳವೆಗೆ ಬಿಗಿದರು. ಆ ಬೋರು ನಮಗೂ ಗಂಗಪ್ಪ ಕಾಕಾನವರಿಗೂ ಸೇರಿದ್ದು, ಗಡಿಯ ಮೇಲೆಯೇ ಇದೆ. ಕೆಲಸ ಮುಗಿದಾಗ ನನಗೆ ಸಮಾಧಾನವಾಯಿತು. ಪುಸ್ತಕದಲ್ಲಿ ಹೇಳಿದಂತೆ ಎಲ್ಲ ಸರಿಯಾಗಿತ್ತು.

ಮಾರ್ಚಿನಲ್ಲಿ ಒಂದು ಸಂಜೆ ಮೊದಲ ಸಲ ಅದರ ಗಂಟೆ ಹೊಡೆಯಿತು. ಆಟದ ಹಲಗೆಯ ಕೆಳಗೆ ಅಂಗೈಯಗಲದ ಬಟ್ಟಲಿನಂಥ ಗಂಟೆ, ಅದನ್ನು ಕಾಯಿಲಿನ ಕಬ್ಬಿಣದ ಮೊಳೆಯೊಂದು ಚಿಮ್ಮಿ ಬಡಿಯುತ್ತದೆ. ಟಣ್, ಟಣ್, ಟಣ್, ಒಂದರ ಬೆನ್ನಿಗೊಂದು, ಮರದ ಪೆಟ್ಟಿಗೆಯೊಳಗಿಂದ ಬರುವ ಭಾರವಾದ ಸದ್ದು. ದೇವರ ಗಂಟೆಯ ಹಾಗಲ್ಲ, ಸಾಲೆಯ ಗಂಟೆಯ ಹಾಗೂ ಅಲ್ಲ. ಒಂದು ವಾರ ಹೊತ್ತುಗೊತ್ತಿಲ್ಲದೆ ಅದನ್ನೇ ಹೊಡೆಸಿದರು. ತಲೆ ಚಿಟ್ಟು ಹಿಡಿದು, "ಒಂದೋ ಅದು ಇರಬೇಕು, ಇಲ್ಲಾ ನಾ ಇರಬೇಕು," ಅಂದಿದ್ದೆ. ಇಷ್ಟು ವಿವರ ಏಕೆ ಹೇಳುತ್ತಿದ್ದೇನೆಂದರೆ, ಆ ಸದ್ದು ನನಗೆ ಚೆನ್ನಾಗಿ ಪರಿಚಯವಾಗಿತ್ತು. ಬೇರೆ ಯಾವುದನ್ನೋ ಅದೆಂದು ತಿಳಿಯುವ ಸಾಧ್ಯತೆ ಕಡಿಮೆ.

ಯುಗಾದಿಯ ನಂತರ ಒಂದು ರವಿವಾರ ಜೋರು ಗಾಳಿ ಎದ್ದು ನಾಲ್ಕು ಹನಿ ಮಳೆ ಬಿತ್ತು. ನಮ್ಮ ಓಣಿಯ ಕಂಬದ ಮೇಲೆ ನ್ಯೂಟ್ರಲ್ ತಂತಿ ಹರಿಯಿತು. ಓದುಗರಿಗೆ ಸರಳವಾಗಿ ಹೇಳುವುದಾದರೆ, ಕರೆಂಟು ಬರುವ ತಂತಿ ಜೀವಂತವಾಗಿತ್ತು, ಮರಳಿ ಹೋಗುವ ತಂತಿ ಇರಲಿಲ್ಲ. ಆದ್ದರಿಂದ ಯಾರ ಮನೆಯಲ್ಲೂ ದೀಪವಿಲ್ಲ, ಫ್ಯಾನಿಲ್ಲ. ಲೈನ್‌ಮನ್ನಿಗೆ ಫೋನು ಮಾಡಿದಾಗೆಲ್ಲ "ಹೊಂಟೇನ್ರಿ, ಹಾದ್ಯಾಗ ಅದೇನಿ" ಎಂಬ ಉತ್ತರ. ಎರಡು ದಿನ ಹಾಗೆಯೇ ಹೋಯಿತು.

ಮಂಗಳವಾರ ಮಧ್ಯಾಹ್ನ ಸುಮಾರು ಮೂರು ಗಂಟೆ. ಕಾಲೇಜಿಗೆ ರಜೆ. ಸೆಕೆ ತಡೆಯಲಾರದೆ ಪಡಸಾಲೆಯ ಕಿಟಕಿಗೆ ಗೋಣಿತಟ್ಟು ನೆನೆಸಿ ಕಟ್ಟಿದ್ದೆವು. ಅದರಿಂದ ನೀರು ತೊಟ್ಟಿಕ್ಕಿ ಕೆಳಗಿನ ಫರ್ಸಿಕಲ್ಲು ಹಸಿಯಾಗಿತ್ತು. ನನ್ನ ಗಂಡ ಕಿಟಕಿಯ ಪಕ್ಕದ ಮಂಚದ ಮೇಲೆ ಅಡ್ಡಾಗಿದ್ದರು. ನಾನು ಹಿತ್ತಲಿನಲ್ಲಿ, ಗೋಡೆಯ ನೆರಳಿಗೆ ಕುಳಿತು ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಅವುಗಳ ಜೊತೆ ಆ ಯಂತ್ರದ ಗಂಟೆಯೂ ಇತ್ತು. ಕಿಲುಬು ಹಿಡಿದಿದೆ, ತಿಕ್ಕಿ ಕೊಡು ಎಂದು ಹಿಂದಿನ ದಿನವೇ ಬಿಚ್ಚಿ ಕೊಟ್ಟಿದ್ದರು. ಅದನ್ನು ಬಡಿಯುವ ಕಾಯಿಲ್ ಕೂಡ ಪೆಟ್ಟಿಗೆಯಲ್ಲಿರಲಿಲ್ಲ, ಅಂಗಡಿಯಲ್ಲಿತ್ತು.

ಗಂಟೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ತಿಕ್ಕುತ್ತಿದ್ದಾಗ ಪಡಸಾಲೆಯಿಂದ ಗಂಟೆಯ ಸದ್ದು ಕೇಳಿಸಿತು.

ಟಣ್, ಟಣ್, ಟಣ್, ಟಣ್. ಅದೇ ಬೆನ್ನುಬೆನ್ನಿನ ಹೊಡೆತ, ಅದೇ ಪೆಟ್ಟಿಗೆಯೊಳಗಿನ ಭಾರ. ಒಂದು ಕ್ಷಣವೂ ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಇನ್ನೊಂದು ಗಂಟೆ ಕೊಂಡು ತಂದು ಮುಚ್ಚಿಟ್ಟಿದ್ದಾರೆ ಅಂದುಕೊಂಡೆ. ಗಂಟೆ ಹಿಡಿದ ಕೈಯಲ್ಲೇ ಎದ್ದೆ. "ಮತ್ತೊಂದು ತಂದ್ರೇನ್ರಿ? ಒಂದಕ್ಕ ತಲಿ ಹೋಗೇತಿ," ಎಂದು ಕೂಗುತ್ತ ಅಡುಗೆಮನೆ ದಾಟಿದೆ. ಕರೆಂಟೇ ಇಲ್ಲವಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. ಸದ್ದು ನಿಂತಿತ್ತು. ಉತ್ತರವೂ ಬರಲಿಲ್ಲ.

ಅವರು ಯಂತ್ರದ ಪಕ್ಕ ನಿಂತಿದ್ದರು. ಬಲಗೈ ಉಕ್ಕಿನ ಪಟ್ಟಿಯನ್ನು ಹಿಡಿದಿತ್ತು, ಎಡಗೈ ಒದ್ದೆ ಗೋಣಿಯ ಮೇಲಿಂದ ಕಿಟಕಿಯ ಸರಳನ್ನು. ಬಗ್ಗಿ ಏನನ್ನೋ ನೋಡುತ್ತಿರುವವರ ಹಾಗೆ. ಮುಖ ನನ್ನ ಕಡೆಗೇ ಇತ್ತು, ಆದರೆ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಹಲ್ಲು ಕಚ್ಚಿದ್ದರು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದು ನಿಂತಿದ್ದವು. ಒಂದು ಸದ್ದಿಲ್ಲ. ಕರೆಂಟಿಗೆ ಸಿಕ್ಕವರು ಕೂಗುತ್ತಾರೆ ಎಂದು ನಾನು ತಿಳಿದಿದ್ದೆ. ಕೂಗುವುದಿಲ್ಲ. ಕೂಗಲು ಎದೆಯಲ್ಲಿ ಗಾಳಿ ಬೇಕು.

ಕರೆಂಟು ಎಂಬ ಯೋಚನೆಯೇ ನನಗೆ ಬರಲಿಲ್ಲ. ಓಣಿಗೇ ಕರೆಂಟಿಲ್ಲ. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದದ್ದು ಕಾಣುತ್ತಿತ್ತು. ಫಿಟ್ಸ್ ಬಂದಿದೆ ಎಂದೇ ತಿಳಿದೆ. ಹುಣಸೆಯ ನೀರು ಸೋರುತ್ತಿದ್ದ ಕೈ ಚಾಚಿ ಅವರ ಭುಜ ಹಿಡಿಯಲು ಹೋದೆ. ಕೊನೆಯ ಗಳಿಗೆಯಲ್ಲಿ ಕೈ ತಾನೇ ಮಗುಚಿಕೊಂಡಿತು. ಮೋಟಾರನ್ನು ಅಂಗೈಯಿಂದ ಎಂದೂ ಮುಟ್ಟಬಾರದು, ಮುಟ್ಟಿದರೆ ಕೈಯ ಹಿಂಬದಿಯಿಂದ, ಆಗ ಷಾಕ್ ಹೊಡೆದರೆ ಮುಷ್ಟಿ ಬಿಗಿದು ಕೈ ದೂರ ಸರಿಯುತ್ತದೆ. ಮದುವೆಯಾದ ಹೊಸತರಲ್ಲಿ ಅವರೇ ಕಲಿಸಿದ ರೂಢಿ. ಬೆರಳಿನ ಗೆಣ್ಣು ತಾಗಿದ್ದೇ, ಯಾರೋ ಮೊಣಕೈಗೆ ಸುತ್ತಿಗೆಯಿಂದ ಹೊಡೆದ ಹಾಗಾಗಿ ಹಿಂದಕ್ಕೆ ಬಿದ್ದೆ. ಅಂಗೈ ತಾಗಿದ್ದರೆ ನಾನೂ ಅಲ್ಲೇ ನಿಂತಿರುತ್ತಿದ್ದೆ. ಇದನ್ನು ನಾನು ದಿನಕ್ಕೆ ಎಷ್ಟು ಸಲ ನೆನೆಯುತ್ತೇನೋ ಲೆಕ್ಕವಿಲ್ಲ.

ಎದ್ದು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಎಂಥ ವಿದ್ಯಾರ್ಥಿಯನ್ನು ಕೇಳಿದರೂ ಇದೇ ಉತ್ತರ ಹೇಳುತ್ತಾನೆ, ನಾನೇ ಹೇಳಿಕೊಟ್ಟದ್ದು. ತಿರುಗಿ ಬಂದು ನೋಡಿದರೆ ಅವರು ಹಾಗೆಯೇ ನಿಂತಿದ್ದಾರೆ. ಮೇನ್ ಇಳಿದಿದೆ, ಪ್ಲಗ್ ಕಿತ್ತಿದೆ, ಓಣಿಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಆದರೂ ಮನುಷ್ಯ ಸಾಯುತ್ತಿದ್ದಾನೆ. ಚರ್ಮ ಸುಟ್ಟ ವಾಸನೆ ಬರತೊಡಗಿತ್ತು. ನನಗೆ ಗೊತ್ತಿದ್ದ ಅಷ್ಟೂ ವಿದ್ಯೆ ಅಲ್ಲಿಗೆ ಮುಗಿಯಿತು. ಊಟಕ್ಕೆ ಕೂಡುವ ಕಟ್ಟಿಗೆಯ ಮಣೆ ಗೋಡೆಗೆ ಒರಗಿತ್ತು. ಅದನ್ನೆತ್ತಿ ಅವರ ಬಲ ಮಣಿಕಟ್ಟಿನ ಮೇಲೆ ಎರಡೂ ಕೈಯಿಂದ ಹೊಡೆದೆ. ಒಮ್ಮೆಗೆ ಬಿಡಲಿಲ್ಲ. ಎರಡನೆಯ ಹೊಡೆತಕ್ಕೆ ಎಲುಬು ಮುರಿದದ್ದು ನನ್ನ ಕೈಗೇ ತಿಳಿಯಿತು. ಅವರು ಕುಸಿದರು.

ಆಮೇಲೆ ನನ್ನ ಕೂಗಿಗೆ ಓಣಿಯ ಜನ ಬಂದದ್ದು, ಗಂಗಪ್ಪ ಕಾಕಾನೇ ಎದೆ ಒತ್ತಿ ಒತ್ತಿ ಉಸಿರು ತಂದದ್ದು, ಮೊದಲು ಬೈಲಹೊಂಗಲಕ್ಕೆ, ಅಲ್ಲಿಂದ ಬೆಳಗಾವಿಗೆ ಒಯ್ದದ್ದು, ಇದೆಲ್ಲ ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಜೀವ ಉಳಿಯಿತು. ಬಲಗೈಯ ಎರಡು ಬೆರಳು ತೆಗೆದರು. ತಂತಿ ಹಿಡಿದು ಸುತ್ತುತ್ತಿದ್ದ ಬೆರಳುಗಳು ಅವೇ.

ಕರೆಂಟು ಬಂದದ್ದೆಲ್ಲಿಂದ ಎಂಬುದು ಮರುದಿನವೇ ಗೊತ್ತಾಯಿತು. ಅದರಲ್ಲಿ ವಿಚಿತ್ರ ಏನೂ ಇಲ್ಲ. ಗಂಗಪ್ಪ ಕಾಕಾನ ಮಗಳು ಬಾಣಂತನಕ್ಕೆ ಬಂದಿದ್ದಳು, ಮಗು ಹುಟ್ಟಿ ಒಂಬತ್ತು ದಿನ. ಸೆಕೆಗೆ ಕೂಸು ಬಾಡುತ್ತಿದ್ದುದನ್ನು ನೋಡಲಾರದೆ, ಹರಿದ ನ್ಯೂಟ್ರಲ್ಲಿನ ಬದಲು ಅವರು ಭೂಮಿಯನ್ನೇ ಬಳಸಿ ಕೂಲರ್ ಹಚ್ಚಿದ್ದರು. ಹೊಲಗಳಲ್ಲಿ ನಮ್ಮ ಜನ ದಿನವೂ ಮಾಡುವ ಉಪಾಯ. ಆ ತಂತಿಯನ್ನು ಅವರು ಬಿಗಿದದ್ದು ಅದೇ ಬೋರವೆಲ್ಲಿನ ಕೊಳವೆಗೆ. ಬೇಸಿಗೆಯ ಒಣ ನೆಲ ಕರೆಂಟನ್ನು ಒಳಗೆಳೆದುಕೊಳ್ಳಲಿಲ್ಲ. ಅದು ಕೊಳವೆಯಿಂದ ನಮ್ಮ ಹಸಿರು ತಂತಿ ಹಿಡಿದು ಉಕ್ಕಿನ ಪಟ್ಟಿಗೆ ಬಂದು ಕಾಯುತ್ತಿತ್ತು. ನಾನು ಹಟ ಹಿಡಿದು ಹಾಕಿಸಿದ ತಂತಿ. ಪ್ಲಗ್ಗಿಗೆ ಟೆಸ್ಟರ್ ಹಚ್ಚುತ್ತಾರೆ, ಅರ್ಥಿಂಗಿಗೆ ಯಾರು ಹಚ್ಚುತ್ತಾರೆ?

ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಗಪ್ಪ ಕಾಕಾ ನನ್ನೆದುರು ನಿಂತು ಗಳಗಳ ಅತ್ತರು. "ನನ್ನ ಕೈಯಾರೆ ಕೊಲ್ಲತಿದ್ನೆವ್ವಾ. ಆದರ ಇದನ್ನ ನನಗ ಕಲಿಸಿದಾಂವ ನಿನ್ನ ಗಂಡನ. ಹೊಲದಾಗ ಲೈಟ್ ಹೋದಾಗ, 'ಕಾಕಾ, ಕೇಸಿಂಗ್ ಪೈಪಿಗೆ ಕಟ್ಟು, ಹತ್ತತೈತಿ' ಅಂದಿದ್ದ." ನಾನು ಯಾರನ್ನು ಬೈಯಲಿ? ಮೂವರೂ ಸೇರಿ ಕಟ್ಟಿದ ಉರುಲು ಅದು.

ಉಳಿದದ್ದು ಗಂಟೆ. ಅದನ್ನೂ ಹೀಗೆ ಬಿಡಿಸಿಬಿಡಬಹುದು ಎಂದು ನಂಬಿಕೊಂಡೇ ಹೊರಟೆ. ಕೈಯಲ್ಲಿ ಬಿಗಿಹಿಡಿದ ಗಂಟೆ ಮೊಳಗುವುದಿಲ್ಲ, ಹತ್ತು ಸಲ ಹೊಡೆದು ನೋಡಿದೆ, 'ಟಕ್' ಎನ್ನುತ್ತದೆ ಅಷ್ಟೇ. ಪಟ್ಟಿಯಲ್ಲಿದ್ದ ಕರೆಂಟಿನಿಂದ ಒಳಗಿನ ಯಾವುದಾದರೂ ತಗಡು ಗುಂಯ್‌ಗುಟ್ಟಬಹುದೇ? ಗುಂಯ್‌ಗುಟ್ಟಲೂ ಅದು ಹರಿಯಬೇಕು, ಹರಿಯಲು ಒಳಗೆ ದಾರಿಯಿರಲಿಲ್ಲ. ಐಸ್‌ಕ್ಯಾಂಡಿಯವನನ್ನು ಹುಡುಕಿ, ಆ ಮಧ್ಯಾಹ್ನ ನಮ್ಮ ಓಣಿಗೆ ಬಂದಿದ್ದೆಯಾ ಎಂದು ಕೇಳಿದೆ. "ಬಂದಿದ್ರೂ ನಂದು ಪೋಂ ಪೋಂ ಹಾರನ್ನ್ರೀ ಟೀಚರ. ಗಂಟಿ ಎಲ್ಲಿಂದ ತರಲಿ?" ಅಂದ. ಕೊನೆಗೆ ನಾಚಿಕೆ ಬಿಟ್ಟು ಮುನವಳ್ಳಿಗೂ ಹೋದೆ. ಆ ಕ್ಲಬ್ಬಿನಲ್ಲಿ ಹಿಂದೆ ಚಹಾ ಕೊಡುತ್ತಿದ್ದ ಮುದುಕರೊಬ್ಬರು ಸಿಕ್ಕರು. ಆ ಯಂತ್ರದಿಂದ ಯಾರಾದರೂ ಸತ್ತಿದ್ದರೇ ಎಂದು ನಾನು, ಭೌತಶಾಸ್ತ್ರದ ಉಪನ್ಯಾಸಕಿ, ಕೇಳಿದೆ. "ಯಾರೂ ಸತ್ತಿಲ್ರೀ ತಂಗಿ. ಅದು ಬಂದ ವರ್ಷನ ಕೆಟ್ಟತ್ರಿ. ಆಮ್ಯಾಲೆ ಅದರ ಮ್ಯಾಲೆ ಚಾದ ಕಪ್ಪು ಇಡತಿದ್ದಿವಿ." ನಿಜ ಹೇಳುತ್ತೇನೆ, ನನಗೆ ನಿರಾಸೆಯಾಯಿತು. ಒಂದು ಸಾವಿದ್ದರೆ ಏನಾದರೂ ಒಂದು ಹಿಡಿ ಸಿಗುತ್ತಿತ್ತು.

ಇಷ್ಟಾದರೂ ಆ ಸದ್ದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತಿದ್ದೆ. ಅದು ಕೇಳಿಸದಿದ್ದರೆ ನಾನು ಹಿತ್ತಲಿನಿಂದ ಏಳುತ್ತಿರಲಿಲ್ಲ, ದೀಪಗಳೆಲ್ಲ ಮುಗಿಯಲು ಇನ್ನೂ ಅರ್ಧ ತಾಸು ಬೇಕಿತ್ತು. ಆಸ್ಪತ್ರೆಯಲ್ಲಿ ಅವರಿಗೂ ಹಾಗೆಯೇ ಹೇಳಿದ್ದೆ. ಅವರು ಏನೂ ಮಾತಾಡಿರಲಿಲ್ಲ, ನೋವಿನಿಂದ ಎಂದುಕೊಂಡಿದ್ದೆ.

ಕಾಲೇಜು ಶುರುವಾಗುವ ಹಿಂದಿನ ದಿನ, ಕಟ್ಟೆಯ ಮೇಲೆ ಕುಳಿತಿದ್ದಾಗ ಅವರು ತಾವಾಗಿಯೇ ಬಾಯಿ ಬಿಟ್ಟರು.

"ನಿನಗ ಒಂದು ಹೇಳಿಲ್ಲ ನಾ. ಆ ಗಂಟಿ ನನಗೂ ಕೇಳಿತ್ತು."

"ಪಟ್ಟಿ ಕೈ ಹಿಡಕೊಂಡಾಗ?"

"ಅಲ್ಲ. ಅದಕ್ಕೂ ಮೊದಲ. ಮಂಚದ ಮ್ಯಾಲೆ ಇದ್ನಿ. ಪೆಟಿಗ್ಯಾಗ ಟಣ್ ಟಣ್ ಅಂತು. ಗಂಟಿ ಹಿತ್ತಲದಾಗ ನಿನ್ನ ಕಡೆ ಐತಿ, ಇದೇನು ಹೊಡಿಯಾಕ ಹತ್ತೇತಿ ಅಂತ ಬಗ್ಗಿ ನೋಡಾಕ ಎದ್ನಿ. ಎದ್ದು ಪಟ್ಟಿ ಹಿಡದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಗಂಟೆ ಹೊಡೆಯದಿದ್ದರೆ ನಾನು ಏಳುತ್ತಿರಲಿಲ್ಲ, ನಿಜ. ಗಂಟೆ ಹೊಡೆಯದಿದ್ದರೆ ಅವರೂ ಏಳುತ್ತಿರಲಿಲ್ಲ. ಸಂಜೆ ಲೈನ್‌ಮನ್ ಬಂದು ತಂತಿ ಕೂಡಿಸುತ್ತಿದ್ದ, ಕಾಕಾ ಕೂಲರಿನ ತಂತಿ ಬಿಚ್ಚುತ್ತಿದ್ದರು, ನಮಗೆ ಏನೂ ತಿಳಿಯದೆ ಆ ದಿನ ದಾಟಿಹೋಗುತ್ತಿತ್ತು.

"ಇಷ್ಟು ದಿನ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ನೀ ಅದನ್ನ ದೇವರು ಅನ್ನಂಗ ಮಾತಾಡತಿದ್ದಿ. ಹೆಂಗ ಹೇಳಲಿ?" ಅಂದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಇರಲಿ. ನೀ ಬಂದೆಲ್ಲ. ನಿನ್ನ ಕರದಿದ್ದು ಅದು. ನನ್ನಲ್ಲ," ಅಂದರು.

ಇಬ್ಬರೂ ಒಂದೇ ಸದ್ದು ಕೇಳಿದೆವೋ, ಎರಡು ಸಲ ಬೇರೆ ಬೇರೆಯಾಗಿ ಹೊಡೆಯಿತೋ ಎಂದು ಆಮೇಲೆ ಹಲವು ಸಲ ಕೂತು ಹೊಂದಿಸಿ ನೋಡಿದ್ದೇವೆ. ಹೊಂದುವುದಿಲ್ಲ. ಒಂದೇ ಸದ್ದಾದರೆ, ನಾನು ಹಿತ್ತಲಿನಿಂದ ಪಡಸಾಲೆಗೆ ಬರಲು ಹಿಡಿದದ್ದು ಇಪ್ಪತ್ತು ಹೆಜ್ಜೆ, ಮೇನ್ ಇಳಿಸಿ ಬಂದದ್ದು ಸೇರಿಸಿದರೂ ಒಂದು ನಿಮಿಷ. ಅಷ್ಟರಲ್ಲಿ ಅವರ ಅಂಗೈ ಎಲುಬಿನವರೆಗೆ ಸುಟ್ಟಿತ್ತು. ಇಷ್ಟು ಬೇಗ ಅಷ್ಟು ಆಳ ಸುಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಎರಡು ಸಲ ಹೊಡೆದಿದ್ದರೆ ಮೊದಲಿನದು ನನಗೇಕೆ ಕೇಳಿಸಲಿಲ್ಲ? ಅದಕ್ಕಿಂತ ಹೆಚ್ಚು ನನಗೆ ತಿಳಿಯದು, ಊಹಿಸಲು ಹೋಗುವುದೂ ಇಲ್ಲ.

ಎಡಗೈಯಿಂದ ಕೆಲಸ ಕಲಿಯಲು ಅವರಿಗೆ ಎರಡು ವರ್ಷ ಬೇಕಾಯಿತು. ಕಲಿತ ಮೇಲೆ ಆ ಯಂತ್ರವನ್ನು ಮುಗಿಸಿಯೇ ತೀರುತ್ತೇನೆಂದು ಹಟ ಮಾಡಿ, ಕಳೆದ ದೀಪಾವಳಿಗೆ ಮುಗಿಸಿದರು. ಹಡಗಿನ ಚಿತ್ರಕ್ಕೂ ಬಣ್ಣ ಹಚ್ಚಿದ್ದಾರೆ. ಇನ್ನು ಪ್ಲಗ್ ಹಾಕುವುದೊಂದೇ ಬಾಕಿ. ನಾನು ಬೇಡ ಎಂದೆ, ಒಂದೇ ಸಲ, ಮೆಲ್ಲಗೆ. ದೊಡ್ಡ ಜಗಳವಾಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆ ಗಂಟೆಯೇ ತಮ್ಮ ಜೀವ ಉಳಿಸಿತು ಎಂದು ಬಂದವರಿಗೆಲ್ಲ ಹೇಳುವ ಮನುಷ್ಯ, "ಆತು ಬಿಡು" ಅಂದು ವಾಯರು ಸುತ್ತಿ ಒಳಗಿಟ್ಟುಬಿಟ್ಟರು. ಪ್ಲಗ್ ಹಾಕಲೇ ಎಂದು ಅಂದಿನಿಂದ ಮತ್ತೆ ನನ್ನನ್ನು ಕೇಳಿಲ್ಲ. ತಾವು ಹೇಳುವುದನ್ನು ತಾವೇ ನಂಬಿದ್ದರೆ ಒಮ್ಮೆಯಾದರೂ ಕೇಳಬೇಕಲ್ಲ, ಕೇಳಲಿ ಎಂದು ನಾನು ಈಗಲೂ ಕಾಯುತ್ತಿದ್ದೇನೆ.